ಗೋಡೆಗಳ ಫೋಟೋ ಕೆಳಗೆ ಉಳಿದದ್ದು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಮೈಮೇಲೆ ಮಾಂಸವಿಲ್ಲದ್ದಕ್ಕೋ, ಮಾತು ಚುಚ್ಚುತ್ತಿದ್ದುದಕ್ಕೋ, ಇಲ್ಲ ಅವಳ ಕಸುಬಿಗೋ ಹೇಳುವುದು ಕಷ್ಟ. ಮೂರಕ್ಕೂ ಆ ಹೆಸರು ಹೊಂದುತ್ತಿತ್ತು. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಮೂಲೆಯೇ ಅವಳ ಅಂಗಡಿ. ಒಂದು ಮೆಷಿನ್ನು, ಒಂದು ಇಸ್ತ್ರಿ ಪೆಟ್ಟಿಗೆ, ನಿಲುವುಗನ್ನಡಿ, ಬಟ್ಟೆ ಹಾಕಿ ನೋಡುವವರಿಗೊಂದು ಪರದೆ. ಹೊಸ ಬಟ್ಟೆ ಹೊಲಿಯುವವಳಲ್ಲ. ಬೇರೆಯವರು ಹೊಲಿದು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವುದು, ಉದ್ದವಾದದ್ದನ್ನು ಮೋಟು ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು. ಯಾರಾದರೂ ಬಂದು "ಒಗೆದ ಮೇಲೆ ಪ್ಯಾಂಟು ಕುಗ್ಗಿಬಿಟ್ಟಿದೆ" ಎಂದರೆ, ಸೊಂಟಕ್ಕೆ ಟೇಪು ಸುತ್ತುತ್ತಲೇ "ಪ್ಯಾಂಟು ಇದ್ದ ಹಾಗೇ ಇದೆ ಸಾರ್, ನೀವೇ ಸ್ವಲ್ಪ ಮುಂದುವರಿದಿದ್ದೀರಿ" ಎನ್ನುತ್ತಿದ್ದಳು. ಗಿರಾಕಿಗಳು ನಕ್ಕು ಸುಮ್ಮನಾಗುತ್ತಿದ್ದರು. ಕೆಲಸ ಅಷ್ಟು ಚೊಕ್ಕ.

ಮದುವೆಯ ಗೋಜಿಗೆ ಅವಳು ಹೋಗಲಿಲ್ಲ. ಒಂದೆರಡು ಮಾತುಕತೆ ಬಂದು, ಹಾಗೇ ಹೋದವು. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ. ಅವಳ ಪಾಲಿಗೆ ಮನೆ ಎಂದರೆ ಅಕ್ಕ. ಅಮ್ಮ ಹೋದಾಗ ಇವಳಿನ್ನೂ ಹಾಲುಹಲ್ಲಿನ ಹುಡುಗಿ. ತಲೆ ಬಾಚಿ, ಉಗುರು ಕತ್ತರಿಸಿ, ಶಾಲೆಗೆ ಕೈ ಹಿಡಿದು ಕರೆದೊಯ್ದು ಬೆಳೆಸಿದ್ದು ಅಕ್ಕ. ಆ ಅಕ್ಕ ಟ್ಯಾಕ್ಸಿ ಕಂಪನಿಯೊಂದರಲ್ಲಿ ಫೋನ್ ತೆಗೆಯುವ ಕೆಲಸದಲ್ಲಿದ್ದಳು. ಎಂಥ ಸಿಡಿಮಿಡಿಯ ಗಿರಾಕಿಯನ್ನೂ ಅವಳ ದನಿಯೇ ತಣ್ಣಗಾಗಿಸುತ್ತಿತ್ತು.

ಅಕ್ಕನ ಗಂಡ, ಸೂಜಿಯ ಭಾವ, ಬಾಯಿ ಸತ್ತ ಮನುಷ್ಯ. ಬಿರುಕು ಬಿಟ್ಟ ಕಟ್ಟಡಗಳನ್ನು ನೋಡಿ, ಅಳೆದು, ಫೋಟೋ ತೆಗೆದು, ಎಷ್ಟು ಅಪಾಯವಿದೆ ಎಂದು ಕಚೇರಿಗೆ ಹೇಳುವುದು ಅವನ ಉದ್ಯೋಗ. ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಿದ್ದ, ಆಮೇಲೆ ಮನುಷ್ಯರನ್ನು. "ಭಾವನಿಗೆ ನಾವು ಕಾಣಿಸ್ಬೇಕು ಅಂದ್ರೆ ನಮ್ಮ ಮೈಗೂ ತೇವ ಹಿಡೀಬೇಕು ಅಕ್ಕ" ಎಂದು ಸೂಜಿ ರೇಗಿಸಿದರೆ ಅವನು ತುಟಿಯ ಅಂಚಿನಲ್ಲಿ ನಗುತ್ತಿದ್ದ. ಕೆಟ್ಟವನಲ್ಲ. ಹೆಂಡತಿ ಎಂದರೆ ಅವನಿಗೆ ಜೀವ.

ಅಕ್ಕನಿಗೆ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗುವ ಹೊತ್ತಿಗೆ ಬಸಿರು ನಿಂತಿತು. ಅದಕ್ಕೆ ಮುಂಚೆ ಆಸೆ ಹುಟ್ಟಿ ಕೈತಪ್ಪಿದ್ದು ಎಷ್ಟು ಸಲವೋ. ಈ ಸಲ ಹೊಟ್ಟೆ ಕಾಣುವಷ್ಟು ಬೆಳೆಯಿತು. ಸೂಜಿ ಅಕ್ಕನ ಉಡುಪುಗಳ ಪಕ್ಕ ಬಿಚ್ಚಿ ಬಿಚ್ಚಿ ಬಟ್ಟೆ ಸೇರಿಸಿದಳು. ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ರಕ್ತ ಹೋಗತೊಡಗಿತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಗಂಡು. ಅಕ್ಕ ಪ್ರಜ್ಞೆಯಿಲ್ಲದೆ ಒಂದು ಮಹಡಿಯಲ್ಲಿ, ಮಗು ಗಾಜಿನ ಪೆಟ್ಟಿಗೆಯೊಳಗೆ ಇನ್ನೊಂದು ಮಹಡಿಯಲ್ಲಿ. ಸೂಜಿ ಮತ್ತು ಭಾವ ಮೆಟ್ಟಿಲು ಹತ್ತುವುದು, ಇಳಿಯುವುದು.

ಮಗುವನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಒಳ್ಳೆಯವಳು. "ತಾಯಿಗೆ ಎಚ್ಚರ ಆದಾಗ ತೋರ್ಸೋಕೆ ಒಂದಿಷ್ಟು ಫೋಟೋ ತೆಗೆದಿಟ್ಕೊಳ್ಳಿ. ಫೋನ್ ಒಳಗೆ ಬಿಡಲ್ಲ. ಕ್ಯಾಮೆರಾ ಇದ್ರೆ ತನ್ನಿ, ಆದ್ರೆ ಫ್ಲ್ಯಾಶ್ ಬೇಡ" ಎಂದಳು. ಭಾವನ ಕಚೇರಿಯ ಕ್ಯಾಮೆರಾ ಕಾರಿನಲ್ಲೇ ಇತ್ತು. ತಂದ. ಆದರೆ ಗಾಜಿನ ಮುಂದೆ ಎರಡು ಸಲ ಎತ್ತಿ, ಎರಡು ಸಲವೂ ಇಳಿಸಿದ. ಕೊನೆಗೆ ಸೂಜಿಯೇ ತೆಗೆದಳು. ಗಾಜಿಗೆ ಕ್ಯಾಮೆರಾ ಆನಿಸಿ, ಉಸಿರು ಬಿಗಿಹಿಡಿದು, ಒಂದಾದ ಮೇಲೊಂದು.

ಅಕ್ಕ ಕಣ್ಣು ಬಿಡುವ ಮೊದಲೇ ಮಗು ಹೋಯಿತು. ಅದನ್ನು ಮಣ್ಣಿಗೆ ಕೊಟ್ಟು ಬಂದದ್ದೂ ಅಕ್ಕನಿಗೆ ಗೊತ್ತಾಗಲಿಲ್ಲ. ಗೊತ್ತಾದ ದಿನ ಅವಳು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಅಷ್ಟೇ.

ಅದಾಗಿ ಕೆಲವು ತಿಂಗಳು ಯಾರೂ ಆ ಮಾತೆತ್ತಲಿಲ್ಲ. ಅಕ್ಕ ಕೆಲಸಕ್ಕೆ ಮರಳಿದಳು. ಫೋನಿನಲ್ಲಿ ಗಾಡಿಯ ನಂಬರು, ಬೀದಿ, ಗಂಟೆ ಎಲ್ಲ ಸರಿಯಾಗಿಯೇ ಹೇಳುತ್ತಿದ್ದಳು. ದನಿ ಮಾತ್ರ ಯಾರೋ ಓದಿ ಹೇಳಿದ ಹಾಗೆ. ಒಂದು ರಜೆಯ ದಿನ ಮೂವರೂ ಊಟಕ್ಕೆ ಕೂತಿದ್ದಾಗ ಅವಳು ತಂಗಿಯ ಕಡೆ ತಿರುಗಿದಳು.

"ನೀನು ಅವನ ಫೋಟೋ ತೆಗೆದಿದ್ದೆ ಅಂತ ಆ ನರ್ಸ್ ಹೇಳಿದ್ಲು. ಆಗ ನೋಡೋ ಧೈರ್ಯ ಇರಲಿಲ್ಲ. ಈಗ ತೋರ್ಸು."

ಸೂಜಿ ಭಾವನನ್ನು ನೋಡಿದಳು. ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು.

"ಅಳಿಸಿಬಿಟ್ಟೆ" ಎಂದ.

ಅಕ್ಕ ಕೇಳಿದಳು. "ಯಾವಾಗ?"

"ಅವನು ಹೋದ ದಿನವೇ. ಆಸ್ಪತ್ರೆಯ ಹೊರಗೆ, ಕಾರಲ್ಲಿ ಕೂತ್ಕೊಂಡು. ನೀನು ಅದನ್ನ ನೋಡಿದ್ರೆ ಬದುಕಲ್ಲ ಅಂದ್ಕೊಂಡೆ."

"ಈಗ ಬದುಕಿದೀನಿ ಅಂತ ನಿಮಗೆ ಯಾರು ಹೇಳಿದ್ರು?"

ಕೂಗಾಡಿದ್ದರೆ, ತಟ್ಟೆ ಎಸೆದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸೂಜಿಗೆ ಆಮೇಲೆ ಅನಿಸಿದ್ದುಂಟು. ಅಕ್ಕ ಕೈ ತೊಳೆದು, ಒಂದು ಚೀಲದಲ್ಲಿ ನಾಲ್ಕು ಬಟ್ಟೆ ತುರುಕಿಕೊಂಡು, "ನಡಿ, ನಿನ್ನ ರೂಮಿಗೆ ಹೋಗೋಣ" ಎಂದಳು. ಸೂಜಿ ಇದ್ದದ್ದು ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಇಬ್ಬರು ಮಲಗಿದರೆ ಬಾಗಿಲು ತೆಗೆಯಲು ಜಾಗವಿರುತ್ತಿರಲಿಲ್ಲ.

ಸೂಜಿಗೆ ಭಾವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಮಾರನೆಯ ದಿನ ಅವಳೇ ಅವನಿದ್ದಲ್ಲಿಗೆ ಹೋದಳು. ಅಳಿಸಿದ ಫೋಟೋವನ್ನೂ ಮರಳಿ ತೆಗೆಯಬಹುದೆಂದು ಅವಳು ಎಲ್ಲೋ ಕೇಳಿದ್ದಳು; ಕ್ಯಾಮೆರಾದ ಮೆಮೊರಿ ಕಾರ್ಡು ಈಗೆಲ್ಲಿದೆ ಎಂದು ವಿಚಾರಿಸಿದಳು.

"ಅದೇ ಕ್ಯಾಮೆರಾದಲ್ಲೇ ಇದೆ. ಅದರಲ್ಲೇ ಕೆಲಸ ಮಾಡ್ತಿದೀನಿ."

"ಅಂದ್ರೆ ಅವತ್ತಿಂದ ಇವತ್ತಿನವರೆಗೂ ಅದರ ಮೇಲೆ ಬಿರುಕಿನ ಫೋಟೋ ತೆಗೀತಾನೇ ಇದೀರಾ?"

"ವಾರಕ್ಕೊಂದ್ಸಲ ಕಚೇರಿ ಕಂಪ್ಯೂಟರಿಗೆ ಹಾಕಿ ಅಳಿಸ್ತೀನಿ. ಮತ್ತೆ ತೆಗೀತೀನಿ." ಅವನು ಕ್ಯಾಮೆರಾದ ಹೊಟ್ಟೆಯಿಂದ ಕಾರ್ಡು ಕಿತ್ತು ಅವಳ ಅಂಗೈಯಲ್ಲಿಟ್ಟ. "ನಂಗೆ ಗೊತ್ತಿರಲಿಲ್ಲ. ಅಳಿಸಿದ್ದು ಮತ್ತೆ ಬೇಕಾಗುತ್ತೆ ಅಂತ."

ಅದನ್ನು ಹಿಡಿದುಕೊಂಡು ಅವಳು ಹೋದದ್ದು ಎದುರಿನ ಪ್ರಿಂಟ್ ಅಂಗಡಿಗೆ. ಅಲ್ಲಿನವಳು ಸೂಜಿಯ ಗೆಳತಿ. ದಪ್ಪ ಕನ್ನಡಕದ, ಸದಾ ಶೀತ ಹಿಡಿದಿರುತ್ತಿದ್ದ ಹೆಂಗಸು. ವಿಷಯ ಕೇಳಿ ಅವಳು ಮೊದಲು ಮಾಡಿದ್ದು ಕಾರ್ಡಿನ ಅಂಚಿನಲ್ಲಿದ್ದ ಚಿಕ್ಕ ಗುಂಡಿಯನ್ನು ಉಗುರಿನಿಂದ ಕೆಳಕ್ಕೆ ಸರಿಸಿದ್ದು.

"ಬೀಗ ಹಾಕಿದೆ. ಇನ್ಮೇಲೆ ಇದರ ಮೇಲೆ ಏನೂ ಬರೆಯೋಕಾಗಲ್ಲ. ನೋಡು, ಅಳಿಸೋದು ಅಂದ್ರೆ ಕ್ಯಾಮೆರಾ ಫೋಟೋನ ಒರೆಸಿ ಹಾಕಲ್ಲ. ಇಲ್ಲಿ ಇಂಥದ್ದಿದೆ ಅನ್ನೋ ಚೀಟಿ ಮಾತ್ರ ಕಿತ್ತುಹಾಕುತ್ತೆ. ನಿನ್ನ ಕಪಾಟಲ್ಲಿ ಗಂಟಿನ ಮೇಲಿನ ಚೀಟಿ ಕಿತ್ತರೆ ಬಟ್ಟೆ ಎಲ್ಲಿ ಹೋಗುತ್ತೆ? ಅಲ್ಲೇ ಇರುತ್ತೆ. ಆದ್ರೆ ಅದೇ ಜಾಗಕ್ಕೆ ಬೇರೆ ಗಂಟು ಇಟ್ರೆ ಹಳೇದು ಹೋದ ಹಾಗೇನೇ."

"ನಮ್ಮ ಭಾವ ಇಟ್ಟಿದಾರೆ. ತಿಂಗಳುಗಟ್ಟಲೆ."

"ಪ್ರತಿ ಸಲ ಕಾರ್ಡು ಪೂರ್ತಿ ತುಂಬ್ತಿತ್ತಾ?"

ಅದು ಸೂಜಿಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದಳು. ಇಲ್ಲ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಆದರೆ ಮಗು ಹುಟ್ಟಿದ ವಾರ ದೊಡ್ಡ ಗೋದಾಮೊಂದರ ಕೆಲಸವಿತ್ತು, ಕಾರ್ಡು ಆಗಲೇ ಬಹುಪಾಲು ತುಂಬಿತ್ತು, ಮಗುವಿನ ಫೋಟೋಗಳು ಅವೆಲ್ಲಕ್ಕಿಂತ ಕೊನೆಯವು ಎಂದ ಭಾವ. ಅಂದರೆ ಅವು ಕಾರ್ಡಿನ ಕೊನೆಯ ಭಾಗದಲ್ಲೇ ಉಳಿದಿರಬಹುದು. ಅವುಗಳವರೆಗೆ ಹೊಸ ಬಿರುಕುಗಳು ತಲುಪದೆಯೇ ಇರಬಹುದು. ಪ್ರಿಂಟ್ ಅಂಗಡಿಯವಳು ಮೂಗೊರೆಸಿಕೊಂಡು "ಹಾಗಾದ್ರೆ ಆಸೆ ಇದೆ" ಎಂದಳು. ಆ ಮಾತನ್ನು ಅವಳು ಆಡಬಾರದಿತ್ತು.

ಅದಕ್ಕೊಂದು ಸಾಫ್ಟ್‌ವೇರ್ ಇದೆ, ಕೊಳ್ಳಬೇಕಾಗಿಲ್ಲ, ಓಪನ್ ಸೋರ್ಸ್ ಎಂದು ಅವಳೇ ವಿವರಿಸಿದಳು. ಯಾರೋ ಒಬ್ಬರು ಬರೆದು, ಹೇಗೆ ಬರೆದೆವು ಎಂಬುದನ್ನೂ ಬಿಚ್ಚಿಟ್ಟು, ಬೇಕಾದವರು ಬಳಸಲಿ, ತಿದ್ದಲಿ ಎಂದು ಬಿಟ್ಟಿರುವುದು. ಹಾಗೂ ಇರ್ತಾರಾ ಜನ ಎಂದು ಸೂಜಿಗೆ ಬೆರಗಾಯಿತು. ಅಂಗಡಿಯ ಲೆಕ್ಕ ಬರೆದಿಡಲೆಂದು ಸೂಜಿಯ ಹತ್ತಿರವೇ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಸಾಫ್ಟ್‌ವೇರನ್ನು ಅದಕ್ಕೆ ಹಾಕಿದರು. ಮೊದಲು ಕಾರ್ಡನ್ನು ಇದ್ದ ಹಾಗೇ, ಖಾಲಿ ಜಾಗವನ್ನೂ ಬಿಡದೆ, ಒಂದೇ ದೊಡ್ಡ ಕಡತವಾಗಿ ನಕಲು ಮಾಡಿಕೊಂಡರು. ಹುಡುಕುವುದೆಲ್ಲ ಆ ನಕಲಿನಲ್ಲಿ. ಅಸಲಿ ಕಾರ್ಡನ್ನು ಗುಂಡಿ ಡಬ್ಬಿಯಲ್ಲಿ ಎತ್ತಿಟ್ಟರು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಪರದೆಯ ಹಿಂದೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೂಜಿ ಅದನ್ನು ಓಡಿಸಿದಳು. ಚಿತ್ರವಿಲ್ಲ, ಬಣ್ಣವಿಲ್ಲ, ಲ್ಯಾಪ್‌ಟಾಪಿನ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ. ಯಾವ ಕಡತದಲ್ಲಿ ಹುಡುಕಲಿ, ಎಂಥದ್ದನ್ನು ಹುಡುಕಲಿ, ಸಿಕ್ಕಿದ್ದನ್ನು ಎಲ್ಲಿಡಲಿ ಎಂದು ಒಂದೊಂದಾಗಿ ಕೇಳಿತು. ಬಾಣದ ಗುರುತು ಒತ್ತುತ್ತಾ ಉತ್ತರಿಸಿದಳು. ಅದು ಹೆಸರು ನೋಡುವುದಿಲ್ಲ, ಫೋಟೋ ಶುರುವಾಗುವ ಗುರುತನ್ನು ಮಾತ್ರ ಹುಡುಕುತ್ತಾ ಹೋಗುತ್ತದೆ ಎಂದು ಗೆಳತಿ ಹೇಳಿದ್ದಳು. ಸಿಕ್ಕ ಫೋಟೋಗಳ ಸಂಖ್ಯೆ ಏರುತ್ತಾ ಹೋಯಿತು. ಹೊರಗೆ ಯಾರೋ ಕೋಟು ಹಿಡಿದು ನಿಂತು ಕೆಮ್ಮಿ ಕೆಮ್ಮಿ ಹೊರಟುಹೋದರು.

ಸಿಕ್ಕಿದ್ದೆಲ್ಲ ಗೋಡೆ.

ತೇವ ಹಿಡಿದ ಗೋಡೆ, ಸುಣ್ಣ ಉದುರಿದ ಗೋಡೆ, ಕಿಟಕಿಯ ಮೂಲೆಯಿಂದ ಹೊರಟು ಸೂರಿನ ತನಕ ಹೋದ ಬಿರುಕು. ಪ್ರತಿ ಬಿರುಕಿನ ಪಕ್ಕ ಒಂದು ಅಳತೆಪಟ್ಟಿ, ಕೆಲವದರಲ್ಲಿ ಅದನ್ನು ಹಿಡಿದ ಭಾವನ ಹೆಬ್ಬೆರಳು. ಒಂದೊಂದನ್ನೂ ತೆರೆದು ನೋಡುತ್ತಾ ಹೋದ ಸೂಜಿಗೆ, ಫೋಟೋದೊಳಗಿದ್ದ ತಾರೀಖಿನಿಂದ ತಿಳಿಯಿತು: ಮಗುವನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಅವನು ಕೆಲಸಕ್ಕೆ ಹೋಗಿದ್ದ. ಆ ದಿನದ ಫೋಟೋಗಳಲ್ಲಿ ಒಂದೇ ಬಿರುಕು. ಒಂದೇ ಗೋಡೆ, ಒಂದೇ ಕೋನ, ಮತ್ತೆ ಮತ್ತೆ ಅದೇ. ಗುಂಡಿ ಒತ್ತುತ್ತಲೇ ನಿಂತುಬಿಟ್ಟಿದ್ದಾನೆ ಮನುಷ್ಯ. ಒಂದರಲ್ಲಿ ಪಕ್ಕದ ಕಿಟಕಿಯ ಗಾಜಿನಲ್ಲಿ ಅವನ ಪ್ರತಿಬಿಂಬವಿತ್ತು. ಕ್ಯಾಮೆರಾ ಮುಖಕ್ಕೆ ಅಡ್ಡವಾಗಿತ್ತು.

ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಒಂದೇ ಬಿರುಕನ್ನು ಅಷ್ಟು ಸಲ ತೆಗೆಯದೆ ಇದ್ದಿದ್ದರೆ ಇನ್ನಷ್ಟು ಜಾಗ ಉಳಿಯುತ್ತಿತ್ತಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಮಾರನೆಯ ಮಧ್ಯಾಹ್ನ, ಗೋಡೆಗಳನ್ನು ದಾಟಿ ದಾಟಿ ಕಣ್ಣು ಸೋತ ಹೊತ್ತಿಗೆ, ತೆಳು ನೀಲಿ ಬಣ್ಣ ಕಂಡಿತು. ಗಾಜಿನ ಪೆಟ್ಟಿಗೆಯ ಮೇಲಂಚು. ನರ್ಸಿನ ಕೈಗವಸು. ಬಿಳಿ ಟೊಪ್ಪಿಗೆಯ ಅಂಚು, ಅದರ ಕೆಳಗೆ ಒಂದು ಗೆರೆಯಷ್ಟು ಹಣೆ. ಅಲ್ಲಿಂದ ಕೆಳಕ್ಕೆ ಏನೂ ಇಲ್ಲ. ಬಣ್ಣಬಣ್ಣದ ಪಟ್ಟಿಗಳು, ಆಮೇಲೆ ಬೂದಿ ಬಣ್ಣ. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಮೂರನೆಯದರಲ್ಲಿ ಟೊಪ್ಪಿಗೆಯೂ ಇರಲಿಲ್ಲ, ಬರೀ ಪೆಟ್ಟಿಗೆಯ ಮುಚ್ಚಳ. ಅದಾದ ಮೇಲೆ ಮತ್ತೆ ಗೋಡೆಗಳು ಶುರುವಾದವು.

ಪ್ರಿಂಟ್ ಅಂಗಡಿಯವಳು ಬಂದು ನೋಡಿದಳು. ಎರಡು ಮೂರು ಸಲ ಬೇರೆ ಬೇರೆ ಬಗೆಯಲ್ಲಿ ಓಡಿಸಿ ನೋಡಿದಳು. ಕೊನೆಗೆ ಭಾವನಿಗೇ ಫೋನ್ ಮಾಡಿ ಏನೋ ಕೇಳಿ, ಇಟ್ಟು, ಕನ್ನಡಕ ತೆಗೆದು ಒರೆಸಿದಳು.

"ಅವರು ಕೆಲಸದ ಜಾಗದಲ್ಲೇ ಮಸುಕಾದ ಫೋಟೋಗಳನ್ನ ಆಗಾಗ ಅಳಿಸ್ತಿದ್ರಂತೆ. ಅದಕ್ಕೇ ಕಾರ್ಡಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಖಾಲಿ ಜಾಗ. ಮಗು ಫೋಟೋನ ಕ್ಯಾಮೆರಾ ಆ ಸಂದುಗಳಲ್ಲೇ ತುಂಡು ಮಾಡಿ ತುಂಬಿಸಿದೆ. ಮೇಲಿನ ತುಂಡು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಕೆಳಗಿನ ತುಂಡಿನ ಜಾಗದಲ್ಲಿ ಈಗ ಗೋಡೆ ಇದೆ."

"ಗೋಡೆ ತೆಗೆದ್ರೆ?"

"ಅದು ಬಣ್ಣದ ಮೇಲೆ ಬಣ್ಣ ಹೊಡೆದ ಹಾಗಲ್ಲ ಕಣೆ. ಕೆಳಗೇನೂ ಇಲ್ಲ. ಎಂಥ ದೊಡ್ಡ ಲ್ಯಾಬಿಗೆ ಕಳಿಸಿದ್ರೂ ಇಷ್ಟೇ."

ಸೂಜಿ ಕೂತೇ ಇದ್ದಳು. ಗೆಳತಿ ಹೊರಡುವವಳು ನಿಂತು, ಸಿಕ್ಕಿದ್ದರ ಪಟ್ಟಿಯ ತುದಿಗೆ ಹೋಗಿ ಒಂದು ಪುಟ್ಟ ಚಿತ್ರ ತೆರೆದಳು. ಪ್ರತಿ ಫೋಟೋದ ತಲೆಭಾಗದಲ್ಲಿ ಕ್ಯಾಮೆರಾ ಅದರದೇ ಒಂದು ಪಡಿಯಚ್ಚು ಇಟ್ಟಿರುತ್ತದಂತೆ, ಹಿಂಭಾಗದ ಪುಟ್ಟ ಪರದೆಯಲ್ಲಿ ಬೇಗ ತೋರಿಸಲೆಂದು. ಇದೊಂದರದು ಕೆಡದೆ ಉಳಿದಿತ್ತು. ಉಗುರಿಗಿಂತ ತುಸು ದೊಡ್ಡದು. ಪೂರ್ತಿ ಚಿತ್ರ. ಪೆಟ್ಟಿಗೆ, ಕೈಗವಸು, ಟೊಪ್ಪಿಗೆ, ಟೊಪ್ಪಿಗೆಯ ಕೆಳಗೆ ಒಂದು ಕೆಂಪು ಚುಕ್ಕೆಯಷ್ಟು ಮುಖ. ದೊಡ್ಡದು ಮಾಡಿದರೆ ಮುಖ ಹೋಗಿ ಚೌಕಗಳಾಗುತ್ತಿತ್ತು. ಚಿಕ್ಕದಾಗಿಯೇ ನೋಡಿದರೆ ಮೂಗಿನ ಮೇಲಿನ ಅಂಟುಪಟ್ಟಿ, ಬಾಯಿಂದ ಹೊರಟ ಟ್ಯೂಬು ಇಷ್ಟು ಗುರುತಾಗುತ್ತಿತ್ತು.

ಅಕ್ಕನಿಗೆ ತೋರಿಸಬೇಕೋ ಬೇಡವೋ ಎಂದು ಸೂಜಿ ದಿನವೆಲ್ಲ ತೊಳಲಾಡಿದಳು. ಮುಚ್ಚಿಟ್ಟರೆ ತಾನೂ ಭಾವನ ಹಾಗೇ ಆಗುತ್ತೇನೆ ಎನಿಸಿತು. ಅಕ್ಕ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟಳು.

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ನೋಡಿದಳು. ಮೊದಲು ಅರ್ಧ ಅಳಿದವು, ಆಮೇಲೆ ಆ ಪುಟ್ಟದ್ದು. ಮುಖವನ್ನು ಪರದೆಯ ಹತ್ತಿರ ತಂದಳು, ದೂರ ಒಯ್ದಳು, ಮತ್ತೆ ಹತ್ತಿರ ತಂದಳು. ಬಹಳ ಹೊತ್ತು.

"ಇದು ಯಾರ ಮಗು ಬೇಕಾದ್ರೂ ಆಗಬಹುದು" ಎಂದಳು.

"ನಿಂದೇ ಅಕ್ಕ. ನಾನೇ ತೆಗೆದಿದ್ದು."

"ಗೊತ್ತು. ಹಾಗಲ್ಲ ನಾನು ಹೇಳಿದ್ದು." ಪರದೆಯನ್ನು ಮೆಲ್ಲಗೆ ಮಡಚಿದಳು. "ನೀನು ನೋಡಿದೀಯಲ್ಲ, ಹೇಳು. ಹೇಗಿದ್ದ?"

"ನಿನ್ನ ಹಾಗೇ. ಮೂಗು ನಿಂದೇ. ಹುಬ್ಬು ಮಾತ್ರ ಭಾವನದು."

"ಮೂಗಿನ ಮೇಲೆ ಪಟ್ಟಿ ಅಂಟ್ಸಿದಾರಲ್ಲ. ನಿಂಗೆ ಹೇಗೆ ಕಾಣಿಸ್ತು?"

ಸೂಜಿ ನೆನಪಿಸಿಕೊಳ್ಳಲು ನೋಡಿದಳು. ಗಾಜಿನ ಮೇಲಿನ ಹೊಳಪು ನೆನಪಿತ್ತು. ಫ್ಲ್ಯಾಶ್ ಹತ್ತಿಬಿಟ್ಟೀತು ಎಂಬ ಭಯ ನೆನಪಿತ್ತು. ಕೈ ಅಲುಗಬಾರದು, ಮಸುಕಾಗಬಾರದು ಎಂದು ಹಿಡಿದಿದ್ದ ಉಸಿರು ನೆನಪಿತ್ತು. ಅಲ್ಲಿದ್ದಷ್ಟು ಹೊತ್ತೂ ಅವಳು ಕ್ಯಾಮೆರಾದ ಪುಟ್ಟ ಪರದೆಯನ್ನು ನೋಡಿದ್ದಳು. ಅಕ್ಕನಿಗೆಂದು ತೆಗೆಯುತ್ತಿದ್ದೇನೆ, ಆಮೇಲೆ ಎಲ್ಲರೂ ಸಾವಕಾಶವಾಗಿ ನೋಡಬಹುದು ಎಂದುಕೊಂಡಿದ್ದಳು. ಮುಖ ನೆನಪಿಗೆ ಬರಲಿಲ್ಲ. ಈಗಷ್ಟೇ ನೋಡಿದ ಆ ಕೆಂಪು ಚುಕ್ಕೆಯೇ ಬಂದು ಬಂದು ನಿಲ್ಲುತ್ತಿತ್ತು.

"ನನಗೆ ಇಷ್ಟ ಆಗೋ ಹಾಗೆ ಹೇಳ್ತಿದೀಯ" ಎಂದಳು ಅಕ್ಕ. ಬೈಗುಳವಾಗಿರಲಿಲ್ಲ ಅದು. ಎದ್ದು ಮುಖ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಸುರಿಯಿತು.

ಅಕ್ಕ ಮನೆಗೆ ಮರಳಲಿಲ್ಲ. ಹೋಗಲ್ಲ ಎಂದೂ ಹೇಳಲಿಲ್ಲ. ಆಗಾಗ ಭಾವ ಅವಳ ಬೆಚ್ಚನೆಯ ಬಟ್ಟೆಯನ್ನೋ ಔಷಧಿಯನ್ನೋ ತಂದು ಅಂಗಡಿಯಲ್ಲಿ ಕೊಟ್ಟುಹೋಗುತ್ತಿದ್ದ. ಮೇಲೆ ಹತ್ತುತ್ತಿರಲಿಲ್ಲ. ಅವನು ಸೊರಗಿಹೋಗಿದ್ದ, ಪ್ಯಾಂಟಿನ ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು. ಸೂಜಿಯ ಕಣ್ಣಿಗೆ ಅಂಥದು ಮೊದಲು ಬೀಳುತ್ತಿತ್ತು. ಒಂದು ದಿನ ಅವನು ಬಾಗಿಲಲ್ಲೇ ನಿಂತು ಕೇಳಿದ.

"ಒಂದು ಚಿಕ್ಕದು ಸಿಕ್ಕಿದೆ ಅಂತ ನಿನ್ನ ಗೆಳತಿ ಹೇಳಿದ್ರು. ನಂಗೊಂದು ಪ್ರತಿ ಕೊಡ್ತೀಯಾ?"

ಸೂಜಿ ಮೆಷಿನ್ನಿನ ಮೇಲಿಂದ ತಲೆಯೆತ್ತಲಿಲ್ಲ. "ನೀವು ಕಣ್ಣಾರೆ ನೋಡಿದೀರಲ್ಲ ಭಾವ. ಅಕ್ಕ ಅಷ್ಟೂ ನೋಡಿಲ್ಲ."

"ನೋಡಿದ್ದು ಹೋಗ್ತಾ ಇದೆ" ಎಂದ ಅವನು. "ದಿನಾ ಸ್ವಲ್ಪ ಸ್ವಲ್ಪ. ಅಳಿಸುವಾಗ, ಇದೊಂದು ಹೇಗೂ ತಲೆಯಿಂದ ಹೋಗಲ್ಲ ಅಂದ್ಕೊಂಡಿದ್ದೆ."

ತನಗೂ ಹೋಗಿದೆ ಎಂದು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ನಾಳೆ ಬನ್ನಿ, ತೆಗೆದಿಟ್ಟಿರ್ತೀನಿ ಎಂದಳು. ಗೆಳತಿಯ ಹತ್ತಿರ ಹೋಗಿ ಗಟ್ಟಿ ಕಾಗದದ ಮೇಲೆ ಅದಿದ್ದಷ್ಟೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಲಕೋಟೆಯಲ್ಲಿಟ್ಟಳು. ಅವನು ಮಾರನೆಯ ದಿನ ಬರಲಿಲ್ಲ. ಅದರ ಮುಂದಿನ ದಿನವೂ ಬರಲಿಲ್ಲ. ಕಚೇರಿಯವರು ಅವನನ್ನು ಬೇರೆ ಊರಿನ ಕೆಲಸಕ್ಕೆ ಕಳಿಸಿದರೆಂದು ಆಮೇಲೆ ತಿಳಿಯಿತು. ಅವನೇ ಕೇಳಿಕೊಂಡು ಹೋದದ್ದಂತೆ. ಅಕ್ಕನಿಗೆ ಹೇಳಿದಾಗ ಅವಳು "ಸ್ವೆಟರ್ ತಗೊಂಡು ಹೋದ್ರಾ?" ಎಂದಷ್ಟೇ ಕೇಳಿದಳು. ಸೂಜಿ ಲಕೋಟೆಯನ್ನು ಅಂಚೆಗೆ ಹಾಕಿದಳು. ಮುಟ್ಟಿತೋ ಇಲ್ಲವೋ, ಅವನಿಂದ ಮಾತಿಲ್ಲ.

ಗಿರಾಕಿಗಳು ಬಂದರು, ಹೋದರು. ಸೂಜಿಯ ಮಾತಿನ ಮೊನೆ ಮೊಂಡಾಗಿದೆ ಎಂದು ಅವರು ಆಡಿಕೊಂಡರು. ಪ್ಯಾಂಟು ಕುಗ್ಗಿದೆ ಎಂದವರಿಗೆ ಈಗವಳು "ಸರಿ, ಬಿಡಿಸಿಕೊಡ್ತೀನಿ" ಎನ್ನುತ್ತಿದ್ದಳು. ಕೈ ಖಾಲಿಯಿದ್ದಾಗ ಪರದೆಯ ಹಿಂದೆ ಹೋಗಿ ಆ ಸಾಫ್ಟ್‌ವೇರನ್ನು ಮತ್ತೆ ಓಡಿಸುತ್ತಿದ್ದಳು. ಅದೇ ನಕಲು, ಅದೇ ಗೋಡೆಗಳು, ಅದೇ ಸಂಖ್ಯೆಗೆ ಬಂದು ನಿಲ್ಲುತ್ತಿತ್ತು. "ಸಾವಿರ ಸಲ ಓಡಿಸಿದ್ರೂ ಇದ್ದದ್ದೇ ತಾನೆ ಬರೋದು, ಯಾಕೆ ಜೀವ ತಿಂತೀಯ?" ಎಂದು ಗೆಳತಿ ಗದರಿದಳು. ಸೂಜಿ ಹೂಂ ಎಂದಳು, ಮಾರನೆಯ ದಿನ ಮತ್ತೆ ಓಡಿಸಿದಳು.

ಹಾಗೊಂದು ಮಧ್ಯಾಹ್ನ ಅಕ್ಕ ರಜೆ ಹಾಕಿ ಅಂಗಡಿಗೆ ಇಳಿದುಬಂದಳು. ಸುಮ್ಮನೆ ಕೂರಲಾರದೆ ಒಂದು ಕೋಟಿನ ತೋಳಿನ ಹಳೆಯ ದಾರ ಬಿಚ್ಚತೊಡಗಿದಳು. ಚಿಕ್ಕಂದಿನಲ್ಲಿ ಸೂಜಿಗೆ ಹೊಲಿಗೆ ಕಲಿಸಿದ್ದೂ ಅವಳೇ. ಕತ್ತರಿಯ ತುದಿ ಒಂದೊಂದೇ ಹೊಲಿಗೆಯನ್ನು ಎತ್ತಿ ಕತ್ತರಿಸುತ್ತಾ ಹೋಯಿತು.

"ಒಂದು ಕೇಳ್ತೀನಿ" ಎಂದಳು ಅಕ್ಕ, ಕೈ ನಿಲ್ಲಿಸದೆ. "ಗೊತ್ತಿದ್ರೆ ಮಾತ್ರ ಹೇಳು. ಇಲ್ಲಾಂದ್ರೆ ಗೊತ್ತಿಲ್ಲ ಅನ್ನು. ಅವನು ಅತ್ತನಾ?"

ಸೂಜಿ ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ಇದಕ್ಕೆ ಅವಳು ನೆನಪನ್ನು ಕೆದಕಬೇಕಾಗಿರಲಿಲ್ಲ.

"ಇಲ್ಲ ಅಕ್ಕ. ಬಾಯಲ್ಲಿ ಟ್ಯೂಬ್ ಇತ್ತು. ಒಂದು ಸಲವೂ ಅಳಲಿಲ್ಲ."

ಅಕ್ಕ ತಲೆಯಾಡಿಸಿದಳು. ಬಿಚ್ಚಿದ ದಾರದ ಚೂರುಗಳನ್ನು ಮಡಿಲಿನಿಂದ ಆರಿಸಿ ಅಂಗೈಯಲ್ಲಿ ಉಂಡೆ ಮಾಡಿದಳು, ಎಲ್ಲಿ ಹಾಕಬೇಕೆಂದು ತಿಳಿಯದೆ ಸುತ್ತ ನೋಡಿದಳು. ಸೂಜಿ ಕೈ ಚಾಚಿ ಅದನ್ನು ತೆಗೆದುಕೊಂಡಳು.

"ಇನ್ನೊಂದು ತೋಳು ಇದೆ, ಕೊಡು" ಎಂದಳು ಅಕ್ಕ.